ಐದರಿಂದ ಆರು, ನೀಲಾ

ಮುಷ್ಟಿ ಬಿಗಿಹಿಡಿಯಿರಿ ಎಂದು ಹಿಂದಿಯಲ್ಲಿ ಹೇಳಿ, ಎದುರಿಗೆ ಕೂತವನ ಮುಖ ನೋಡದೆ, ನೀಲಾಂಬಿಕಾ ಅವನ ಮೊಣಕೈಯ ಒಳಬದಿಯನ್ನು ತೋರುಬೆರಳಿನಿಂದ ಒತ್ತುತ್ತ ನರ ಹುಡುಕುತ್ತಿದ್ದಳು. ಬೆಳಗಿನಿಂದ ಇದು ಒಂಬತ್ತನೆಯ ತೋಳು. ಕಣ್ಣಿಗೆ ಕಾಣುವ ನರವನ್ನು ನಂಬಬಾರದು, ಬೆರಳಿಗೆ ಪುಟಿಯುವುದನ್ನು ಹುಡುಕಬೇಕು ಎಂದು ಹುಬ್ಬಳ್ಳಿಯಲ್ಲಿ ಲ್ಯಾಬ್ ಕೋರ್ಸು ಮಾಡುವಾಗ ಕಲಿಸಿದ್ದರು. ಅದನ್ನು ಬೆರಳು ನಿಜವಾಗಿ ಕಲಿತದ್ದು ಮಾತ್ರ ಎಷ್ಟೋ ವರ್ಷಗಳ ನಂತರ, ಈ ಊರಿನಲ್ಲಿ, ಬೇರೆ ತೋಳುಗಳ ಮೇಲೆ. ಅವನ ಫಾರ್ಮಿನ ಮೂಲೆಯಲ್ಲಿ ವಿಮಾ ಕಂಪನಿಯ ನೀಲಿ ಮೊಹರು ಇತ್ತು. ಮನೆಗೆಂದು ಬ್ಯಾಂಕಿನಿಂದ ಸಾಲ ತೆಗೆಯುವವರು ಜೀವವಿಮೆ ಮಾಡಿಸಬೇಕು, ವಿಮೆಗೆ ರಕ್ತ ಕೊಡಬೇಕು. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಈ ಕ್ಲಿನಿಕ್ಕು ಆ ಕಂಪನಿಯ ಪಟ್ಟಿಯಲ್ಲಿದ್ದುದರಿಂದ ವಾರಕ್ಕೆ ನಾಲ್ಕೈದು ನೀಲಿ ಮೊಹರುಗಳಾದರೂ ಅವಳ ಮೇಜಿಗೆ ಬರುತ್ತಿದ್ದವು. ಸೂಜಿ ಒಳಗೆ ಹೋಗುವ ಹೊತ್ತಿಗೆ ಅವರೆಲ್ಲ ಮನೆಯ ಸುದ್ದಿ ಹೇಳುತ್ತಾರೆ. ಎಷ್ಟು ಕೋಣೆ, ಯಾವ ಕಡೆ ಕಿಟಕಿ, ಮಕ್ಕಳ ಸ್ಕೂಲಿಗೆ ಎಷ್ಟು ದೂರ. ಇವನೂ ಹೇಳಿದ. ಅವಳು ಹೂಂಗುಟ್ಟುತ್ತ ಟ್ಯೂಬು ತುಂಬುವುದನ್ನು ನೋಡಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ನಲವತ್ತಾಗಿತ್ತು. ಹತ್ತು ಗಂಟೆಗೆ ಹತ್ತನೆಯ ತೋಳು. ಆ ತೋಳು ಅವಳಿಗೆ ಗೊತ್ತಿತ್ತು.

ಅವನು ಎದ್ದುಹೋದ ಮೇಲೆ ಅವಳು ಗ್ಲೌಸು ಕಳಚಿ ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡಳು. ಬೆಳಿಗ್ಗೆ ಕೋಟು ಹಾಕಿಕೊಳ್ಳುವಾಗಲೇ ಅದನ್ನು ಉಲ್ಟಾ ಸಿಕ್ಕಿಸಿಕೊಂಡಿದ್ದಳು. ಹೊಸ ಬಿಲ್ಲೆ ಸೋಮವಾರ ಬಂದಿತ್ತು. ಹೆಸರಿನ ಕೆಳಗೆ ಮೊದಲು ಟೆಕ್ನಿಶಿಯನ್ ಎಂದಿದ್ದಲ್ಲಿ ಈಗ ಲ್ಯಾಬ್ ಸೂಪರ್‌ವೈಸರ್ ಎಂದಿತ್ತು. ರಿಸೆಪ್ಶನ್ನಿನ ಪ್ರಿಯನ್ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು, "ಮೇಡಂ, ಸ್ವೀಟ್ ಯಾವಾಗ? ನಮ್ಮ ಬೆಳ್ತಂಗಡಿ ಕಡೆ ಸ್ವೀಟ್ ಕೊಡದೆ ಕುರ್ಚಿ ಮೇಲೆ ಕೂತ್ಕೊಳ್ಳಿಕ್ಕೆ ಬಿಡುದಿಲ್ಲ" ಎಂದಿದ್ದ. ಆಗ ನಕ್ಕಿದ್ದಳು. ಇಂದು ಬೆಳಗಿನಿಂದ ಅವನ ಬಳಿ ಹೋಗಿ, ನನ್ನ ಗಂಡ ಬಂದಾಗ ಆ ವಿಷಯ ಎತ್ತಬೇಡಪ್ಪಾ ಎಂದು ಹೇಳಬೇಕೆಂದು ಎರಡು ಸಲ ಬಾಗಿಲ ತನಕ ಹೋಗಿ ಬಂದಳು. ಕೆಟ್ಟ ಸುದ್ದಿಯನ್ನಾದರೆ ಮುಚ್ಚಿಡು ಎನ್ನಬಹುದು. ಒಳ್ಳೆಯದನ್ನು ಮುಚ್ಚಿಡು ಎಂದರೆ ಎಂಥ ಗಂಡ ಇವಳಿಗೆ ಎಂದುಕೊಳ್ಳುತ್ತಾನೆ. ಇಲ್ಲವೇ ಎಂಥ ಹೆಂಗಸು ಇವಳು ಎಂದು. ಎರಡನೆಯದೇ ನಿಜ ಎಂದು ಅವಳಿಗೆ ಅನ್ನಿಸಿತು.

ಬಡ್ತಿಯ, ಪಗಾರ ಹೆಚ್ಚಿಸಿದ ಪತ್ರ ಕೈಗೆ ಬಂದು ಹದಿನೇಳು ದಿನವಾಗಿತ್ತು. ಅಂದು ಸಂಜೆ ಅದನ್ನು ಎರಡು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಅವಳಿಗೆ ಗದಗಿನ ಮನೆಯ ಜಗಲಿ ಕಣ್ಣಮುಂದೆ ಬಂದಿತ್ತು. ಅತ್ತೆ ರುದ್ರವ್ವ ಕಲಿಸಿದ ಪದ್ಧತಿ ಅದು. ಮಾವನವರು ಪಗಾರದ ಪಾಕೀಟು ತಂದ ದಿನ ಅದನ್ನು ಯಾರೂ ಒಡೆಯುವಂತಿರಲಿಲ್ಲ. ದೇವರ ಜಗಲಿಯ ಮೇಲೆ ಬಸವಣ್ಣನ ಮುಂದೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ವಿಭೂತಿ ಹಚ್ಚಿ ತೆಗೆಯಬೇಕು. "ಮೊದ್ಲ ಅವ ಎಣಿಸ್ಲಿ, ಆಮ್ಯಾಲ ನೀವು ಎಣಸ್ರಿ" ಎನ್ನುತ್ತಿದ್ದಳು ರುದ್ರವ್ವ. ಈ ಊರಿಗೆ ಬಂದ ಮೇಲೆ ಪಗಾರ ಬ್ಯಾಂಕಿಗೆ ಹೋಗತೊಡಗಿತು, ಎಣಿಸುವುದಕ್ಕೆ ದೇವರ ಪಾಲಿಗೂ ಏನೂ ಉಳಿಯಲಿಲ್ಲ. ಆದರೂ ಟೂರಿಸ್ಟ್ ಕ್ಲಬ್ ಏರಿಯಾದ ತಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ಮೊಳೆ ಹೊಡೆದು ನಿಲ್ಲಿಸಿದ ಹಲಗೆಯೇ ಜಗಲಿಯಾಯಿತು, ಪಗಾರ ಹೆಚ್ಚಾದ ಪತ್ರಗಳು ಅಲ್ಲಿ ಒಂದೊಂದು ರಾತ್ರಿ ಕಳೆದವು. ಗಂಡ ಶಿವಪ್ರಸಾದನ ಮೊದಲ ಪತ್ರ, ಅವಳ ಮೊದಲ ಕೆಲಸದ ಪತ್ರ, ಮಗಳು ಪ್ರತೀಕ್ಷಾ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತಮಾಷೆಗೆಂದು ಇಟ್ಟದ್ದು, ಎಲ್ಲವಕ್ಕೂ ಫ್ರಿಜ್ಜಿನ ಬಿಸಿ ತಗುಲಿ ಅಂಚು ಸುರುಳಿಯಾಗಿತ್ತು.

ಅಂದು ಸಂಜೆ ಅವಳು ದೀಪ ಹಚ್ಚಿ, ಪತ್ರ ಇಡುವುದಕ್ಕೆ ಅವನು ಬರಲಿ ಎಂದು ಕಾದಿದ್ದಳು. ಅವನು ಬಂದ. ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಬಿಚ್ಚುವುದು ಮರೆತವನ ಹಾಗೆ ಹಾಗೇ ಕೂತ. "ಅಲೌನ್ಸ್ ತಗದ್ರು," ಎಂದ. ಮನೆಬಾಡಿಗೆಯದೂ ಗಾಡಿಯದೂ ಎರಡೂ. ಬೇಸಿಕ್ ಹಾಗೇ ಇದೆ, ಕೆಲಸ ಇದೆ, ಅದೇ ದೊಡ್ಡದು ಎಂದು ಮ್ಯಾನೇಜರ್ ಹೇಳಿದನಂತೆ. ಬ್ಯಾಂಕಿನವರು ಮನೆ ಸಾಲಕ್ಕೆ ಮೊದಲ ಒಪ್ಪಿಗೆ ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ಇಬ್ಬರ ಪಗಾರವನ್ನೂ ಕೂಡಿಸಿ ಕೊಟ್ಟ ಒಪ್ಪಿಗೆ ಅದು. "ಈ ತಿಂಗಳದ ಸ್ಯಾಲರಿ ಸರ್ಟಿಫಿಕೇಟ್ ಮತ್ತ ಕೇಳ್ತಾರ. ಏನಂತ ಕೊಡ್ಲಿ?" ಎಂದು ಅವನು ತನ್ನ ಬೂಟನ್ನೇ ಕೇಳಿದ. ಚೀಲ ಅವಳ ಹೆಗಲಿನಲ್ಲೇ ಇತ್ತು. ಒಂದೇ ಕಾಲಿಗೆ ಬೂಟು ಹಾಕಿಕೊಂಡ ಗಂಡನ ಮುಂದೆ, ನನ್ನದು ಹೆಚ್ಚಾಯಿತು, ಇನ್ನು ಮೇಲೆ ನಿಮ್ಮದಕ್ಕಿಂತ ಹೆಚ್ಚು ಎಂಬ ಕಾಗದವನ್ನು ಹೇಗೆ ತೆಗೆಯುವುದು? ನಾಳೆ ಎಂದುಕೊಂಡಳು. ಮೊದಲ ದಿನ ಅದು ಕನಿಕರವೇ ಆಗಿತ್ತು, ಆ ಮಾತನ್ನು ಅವಳು ಯಾರ ಮುಂದೆ ಬೇಕಾದರೂ ಹೇಳಬಲ್ಲಳು. ನಾಲ್ಕನೆಯ ದಿನ ಮನೆ ಕೊಡಿಸುವ ಏಜೆಂಟ್ ಸುಮಿತ್ ಫೋನು ಮಾಡಿ ಸಾಲಕ್ಕೆ ಎಷ್ಟು ಕಡಿಮೆ ಬೀಳುತ್ತದೆ ಎಂದು ಹೇಳಿದಾಗ, ಆ ಕೊರತೆ ಹೆಚ್ಚುಕಡಿಮೆ ತನ್ನ ಪತ್ರದಲ್ಲಿದ್ದಷ್ಟೇ ಎಂದು ಗೊತ್ತಾದಾಗ, ಆಮೇಲೂ ಪತ್ರ ಚೀಲದಿಂದ ಕ್ಲಿನಿಕ್ಕಿನ ಲಾಕರಿಗೆ ಹೋಗಿ ಗ್ಲೌಸಿನ ಡಬ್ಬಗಳ ಕೆಳಗೆ ಸೇರಿದಾಗ, ಅದು ಕನಿಕರವಾಗಿ ಉಳಿದಿರಲಿಲ್ಲ.

ಅವಳಿಗೆ ಆ ಮನೆ ಬೇಡವಾಗಿತ್ತು. ಇಷ್ಟು ಸರಳವಾದ ಮಾತನ್ನು ತನ್ನೊಳಗೇ ಹೇಳಿಕೊಳ್ಳುವುದಕ್ಕೆ ಅವಳಿಗೆ ಎರಡು ವಾರ ಹಿಡಿದಿತ್ತು. ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಇಪ್ಪತ್ತೆರಡನೆಯ ಮಹಡಿ. ಶಿವಪ್ರಸಾದನ ಆಫೀಸು ಎರಡು ವರ್ಷದ ಕೆಳಗೆ ಅಲ್ಲಿಗೆ ಹೋದಾಗಿನಿಂದ ಅವನು ಅಬುಧಾಬಿಯಿಂದ ದಿನಾ ಗಾಡಿ ಓಡಿಸಿಕೊಂಡು ಹೋಗಿ ಬರುತ್ತಿದ್ದ. ಆ ಮನೆಯಿಂದಾದರೆ ಆಫೀಸಿಗೆ ಏಳು ನಿಮಿಷದ ನಡಿಗೆ. ನೋಡಲು ಹೋದ ದಿನ ಅವನು ವಾಚು ನೋಡಿಕೊಂಡು ನಡೆದೇ ಲೆಕ್ಕ ಹಾಕಿದ್ದ. ಪ್ರತೀಕ್ಷಾ ಗಾಜಿಗೆ ಹಣೆ ಹಚ್ಚಿ ಕೆಳಗಿನ ಕೆರೆ ನೋಡುತ್ತ, "ಅಮ್ಮಾ, ಲುಕ್, ಡಕ್ಸ್" ಎಂದಳು. ಅಡುಗೆಮನೆ ಎಂದು ಬೇರೆ ಇರಲೇ ಇಲ್ಲ, ಹಾಲಿನ ಗೋಡೆಗೆ ಒರಗಿಸಿದ ಒಂದು ಕಪ್ಪು ಕಲ್ಲು, ಅದರೊಳಗೆ ಬೆಂಕಿಯಿಲ್ಲದ ಒಲೆ. "ಇಲ್ಲಿ ರೊಟ್ಟಿ ಹೆಂಗ ಬಡೀಲಿ?" ಎಂದು ಅವಳು ಕೇಳಿದ್ದಕ್ಕೆ ಅವನು ನಕ್ಕು, "ಬಡಿ, ಕೆಳಗಿನಾಂವ ಪೊಲೀಸರಿಗೆ ಫೋನ್ ಮಾಡ್ತಾನ" ಎಂದ. ಎಷ್ಟೋ ತಿಂಗಳ ಮೇಲೆ ಅವನು ಹಾಗೆ ಬಾಯಿ ತುಂಬ ನಕ್ಕಿದ್ದು. ನಿನ್ನ ಕೆಲಸ? ಅಲ್ಲೇ ಸಿಗ್ತೈತಿ, ಅಲ್ಲೇನ ಕ್ಲಿನಿಕ್ ಇಲ್ಲೇನು, ಇಲ್ಲಾಂದ್ರ ಮನ್ಯಾಗ ಆರಾಮ ಇರು, ಹದಿನಾಲ್ಕು ವರ್ಷ ಚುಚ್ಚಿ ಚುಚ್ಚಿ ಸಾಕಾಗಿಲ್ಲೇನು ಎಂದೂ ಅಂದಿದ್ದ. ಪ್ರೀತಿಯಿಂದಲೇ ಅಂದದ್ದು. 

ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಹೆಸರೇ ಈಗ ಇಲ್ಲ, ಬೋರ್ಡುಗಳ ಮೇಲೆ ಬೇರೆ ಹೆಸರು ಬಂದು ಎಷ್ಟೋ ಕಾಲವಾಯಿತು, ಟ್ಯಾಕ್ಸಿಯ ಹಳೆಯ ಪಠಾಣರನ್ನು ಬಿಟ್ಟರೆ ಅವಳೊಬ್ಬಳೇ ಇನ್ನೂ ಹಾಗೆ ಕರೆಯುತ್ತಾಳೇನೋ. ಹದಿನಾರು ವರ್ಷದ ಕೆಳಗೆ ಅಲ್ಲಿನ ಈಗಿನ ಮನೆಗೆ ಬಂದಾಗ ಅದು ಅವರದಾಗಿರಲಿಲ್ಲ. ಅವರದ್ದು ಒಂದು ಕೋಣೆ. ಹಾಲಿನ ನಡುವೆ ಪ್ಲೈವುಡ್ಡಿನ ಗೋಡೆ, ಆಚೆ ದೇರಳಕಟ್ಟೆಯ ಹಲೀಮ, ಅವಳ ಗಂಡ, ಒಂದು ಕೂಸು. ಅಡುಗೆಮನೆ ಇಬ್ಬರಿಗೂ ಒಂದೇ. ಮೊದಲ ವಾರ ಬೆಳಗಿನ ಒಲೆಗೆ ಇಬ್ಬರೂ ಒಂದೇ ಹೊತ್ತಿಗೆ ಬಂದು ಇಬ್ಬರೂ ನಾಚಿಕೊಂಡು ಹಿಂದೆ ಹೋಗುತ್ತಿದ್ದರು. ಎಂಟನೆಯ ದಿನ ಹಲೀಮ ಕೂಸಿನ ಪುಸ್ತಕದ ಹಾಳೆ ಹರಿದು ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದಳು. ಐದರಿಂದ ಆರು, ನೀಲಾ. ಆರರಿಂದ ಏಳು, ಹಲೀಮ. "ನೀವು ದೊಡ್ಡವ್ರಲ್ವಾ ನೀಲಕ್ಕ, ನಿಮ್ದು ಫಸ್ಟ್. ಮತ್ತೆ ನಂದು ಮೀನಿನ ವಾಸನೆ ಬಂದ ಮೇಲೆ ನಿಮ್ಗೆ ಆಗ್ಲಿಕ್ಕಿಲ್ಲ" ಎಂದಳು. ನೀಲಾಳ ಪಾತ್ರೆಗಳ ಹಿಡಿಕೆಗೆ ಹಸಿರು ದಾರ ಕಟ್ಟಿದವಳೂ ಅವಳೇ. ತಪ್ಪಿ ಕೂಡ ಆ ದಾರದ ಪಾತ್ರೆಯನ್ನು ತನ್ನ ಸಾರಿಗೆ ಮುಟ್ಟಿಸಲಿಲ್ಲ. ಪರವಾಗಿಲ್ಲ ತಗೋ ಎಂದು ನೀಲಾ ಹೇಳಿದ ದಿನವೂ ಮುಟ್ಟಿಸಲಿಲ್ಲ, "ನಿಮ್ಗೆ ಪರ್ವಾಗಿಲ್ಲ, ನಿಮ್ಮ ಬಸವಣ್ಣನ ಹತ್ರ ಕೇಳಿದ್ರಾ?" ಎಂದು ಫ್ರಿಜ್ಜಿನ ಮೇಲೆ ಕೈ ತೋರಿಸಿದಳು.

ಇಲ್ಲಿ ಕೆಲಸಕ್ಕೆ ಬೇಕಾದ ಲ್ಯಾಬಿನ ಪರೀಕ್ಷೆ ಕಟ್ಟುವ ಮಾತು ಬಂದಾಗ ನೀಲಾ ಕಲಿತದ್ದನ್ನೆಲ್ಲ ಮರೆತು ನಾಲ್ಕು ವರ್ಷವಾಗಿತ್ತು. ಹಲೀಮ ಬೆಳಗಿನ ಐದರಿಂದ ಆರನ್ನು ಓದುವುದಕ್ಕೆ ಇಟ್ಟುಕೊಳ್ಳಿ ಎಂದು ಹೇಳಿ, ಹಸಿರು ದಾರದ ಪಾತ್ರೆಯಲ್ಲಿ ತಾನೇ ಅನ್ನ ಇಳಿಸಿ ಇಡತೊಡಗಿದಳು. ಓದಿದ್ದನ್ನು ಒಪ್ಪಿಸಬಹುದು, ಕೈಗೆ ಅಭ್ಯಾಸ ಮಾಡಿಸುವುದು ಹೇಗೆ? ಒಂದು ಶುಕ್ರವಾರ ಹಲೀಮ ಚೂಡಿದಾರದ ತೋಳು ಮಡಚಿ ಅಡುಗೆಕಟ್ಟೆಯ ಮೇಲೆ ಕೈಯಿಟ್ಟು, "ಚುಚ್ಚಿ ಮಾರಾಯ್ರೆ, ಮೂರು ಹೆತ್ತವಳಿಗೆ ಸೂಜಿ ಎಂತ ಲೆಕ್ಕ?" ಎಂದಳು. ಮೂರಲ್ಲಿ ಇಬ್ಬರು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದರು. ಅವಳ ನರ ದಪ್ಪಗೆ, ಸುಲಭವಾಗಿ ಸಿಕ್ಕಿತು. ಸಿಗದಿದ್ದುದು ಶಿವಪ್ರಸಾದನದು. ಸೂಜಿ ಎಂದರೆ ಬೆವರುವ ಗಂಡಸು ಅವನು, ಆದರೂ ಹಲೀಮ ಕೊಟ್ಟಳೆಂದು ತಾನೂ ಎಡಗೈ ಮುಂದೆ ಚಾಚಿ, ಮುಖ ಗೋಡೆಗೆ ತಿರುಗಿಸಿ, ಸೈಟಿನಲ್ಲಿ ಎಷ್ಟು ಟನ್ ಕಬ್ಬಿಣ ಇಳಿಯಿತೆಂದು ಎಡೆಬಿಡದೆ ಹೇಳುತ್ತಿದ್ದ. ಮೂರು ಸಲ ತಪ್ಪಿದಳು. ಮರುದಿನ ಮೊಣಕೈಯಲ್ಲಿ ನೀಲಿ ಬಾವು. ಜೂನ್ ತಿಂಗಳ ಬಿಸಿಲಿನಲ್ಲಿ ಅವನು ಹದಿನೈದು ದಿನ ತುಂಬುತೋಳಿನ ಅಂಗಿ ಹಾಕಿಕೊಂಡು ಸೈಟಿಗೆ ಹೋದ. ಕೇಳಿದವರಿಗೆಲ್ಲ ಕಬ್ಬಿಣ ತಾಗಿತು ಎಂದನಂತೆ. ಅವಳು ಪಾಸಾದಳು. ಹಲೀಮ ಊರಂಚಿನ ಮುಸಫ್ಫಾಕ್ಕೆ ಮನೆ ಬದಲಿಸಿದಳು, ಅಲ್ಲಿಂದ ಹೋದ ವರ್ಷ ಇಲ್ಲಿಯದನ್ನೆಲ್ಲ ಖಲಾಸ್ ಮಾಡಿಕೊಂಡು ದೇರಳಕಟ್ಟೆಗೇ ಹೋದಳು. ಪ್ಲೈವುಡ್ ತೆಗೆದು ಮನೆಯೆಲ್ಲ ಅವರದ್ದಾಗಿ ಎಷ್ಟೋ ವರ್ಷವಾದರೂ ಕಪಾಟಿನ ಬಾಗಿಲ ಹಾಳೆಯನ್ನು ಯಾರೂ ಕೀಳಲಿಲ್ಲ. ಈಗಲೂ ಅವಳು ನಿಂತು ರೊಟ್ಟಿ ಬಡಿಯುವುದು ಕಟ್ಟೆಯ ಎಡ ಅರ್ಧದಲ್ಲಿ ಮಾತ್ರ. ಬಲ ಅರ್ಧ ಖಾಲಿ ಇರುತ್ತದೆ.

"ಮೇಡಂ, ಸರ್ ಬಂದಿದ್ದಾರೆ," ಎಂದು ಪ್ರಿಯನ್ ಬಾಗಿಲು ಸರಿಸಿದ. ಅವನ ಮುಖದ ತುಂಬ ನಗು. ಆ ನಗು ಏನು ಹೇಳಿ ಬಂದಿದೆ, ಏನು ಹೇಳಿಲ್ಲ ಎಂದು ನೀಲಾ ಹುಡುಕುವಷ್ಟರಲ್ಲಿ ಶಿವಪ್ರಸಾದ ಒಳಗೆ ಬಂದು, ಪರರ ಮನೆಗೆ ಬಂದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ. ಹದಿನಾಲ್ಕು ವರ್ಷದಲ್ಲಿ ಅವನು ಈ ಕೋಣೆಯೊಳಗೆ ಬಂದದ್ದು ಇದೇ ಮೊದಲು. ಉಪವಾಸದ ಬಾಯಿ ಒಣಗಿತ್ತು. ಗಡ್ಡದಲ್ಲಿ ಬಿಳಿ ಇಷ್ಟು ಇತ್ತೇ, ಅಥವಾ ಟ್ಯೂಬಲೈಟಿನ ಬೆಳಕೇ?

"ಫಾರ್ಮು," ಎಂದಳು ಅವಳು. ಅವನು ಕೊಟ್ಟ. ನೀಲಿ ಮೊಹರು. ಹೆಸರು, ವಯಸ್ಸು ಐವತ್ತೆರಡು, ಬೀಡಿ ಸಿಗರೇಟು ಇಲ್ಲ.

"ಮನಿ ಬರೂದು ಗ್ಯಾರಂಟಿ ಇಲ್ಲ, ರಕ್ತ ಯಾಕ ಕೊಡ್ಲಿ ಅಂತ ವಿಚಾರ ಮಾಡಿದೆ," ಎಂದ ಅವನು. "ಆಮ್ಯಾಲ ಅಂದ್ಕೊಂಡೆ, ಅಪಾಯಿಂಟ್‌ಮೆಂಟ್ ತಗೊಂಡೀನಿ. ಮನಿ ಬರ್ಲಿಲ್ಲಂದ್ರೂ ಶುಗರ್ ಎಷ್ಟೈತಿ ಅನ್ನೂದರ ಗೊತ್ತಾಗ್ತೈತಿ. ಬಿಟ್ಟಿ."

"ಎಡಗೈ ಕೊಡ್ರಿ."

"ಎಡಗೈ ಬ್ಯಾಡ, ಅದು ನಿನ್ನ ಹಳೇ ಸಾಲಿ. ಮೂರು ಸಲ ಫೇಲ್ ಆದದ್ದು ಅಲ್ಲೆ."

"ಈಗ ಫೇಲ್ ಆಗೂದಿಲ್ಲ. ಕೊಡ್ರಿ."

ಅವನು ಕೈ ಚಾಚಿ ಮುಖವನ್ನು ಗೋಡೆಗೆ ತಿರುಗಿಸಿದ. ಅವಳು ಪಟ್ಟಿ ಕಟ್ಟಿದಳು. ಈ ತೋಳನ್ನು ಇಷ್ಟು ಬೆಳಕಿನಲ್ಲಿ, ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಯಿತು. ಮೇಲ್ತೋಳು ಸಡಿಲವಾಗಿತ್ತು. ಕಿಟಕಿ ಕಡೆಯ ಕೈ, ಮುಂಗೈ ತನಕ ಬಿಸಿಲಿಗೆ ಕಂದಿ ಬೇರೆಯೇ ಬಣ್ಣವಾಗಿತ್ತು. ಎರಡು ವರ್ಷದ ಹೈವೇ ಅಲ್ಲಿ ಒಂದು ಗೆರೆ ಎಳೆದ ಹಾಗೆ. ಬೆರಳೊತ್ತಿದಳು. ನರ ಆಳದಲ್ಲೆಲ್ಲೋ ಇತ್ತು, ಮೊದಲಿನ ಹಾಗೇ ಸರಿದು ಸರಿದು ಹೋಗುತ್ತಿತ್ತು. ಅವನು ಮಾತಿಗೆ ಶುರುಮಾಡಿದ. ಸೂಜಿ ಬರುವಾಗ ಅವನಿಗೆ ಮಾತು ಬರುತ್ತದೆ, ಅದು ಅವಳಿಗೆ ಗೊತ್ತು. ಕಬ್ಬಿಣದ ಟನ್ನು ಲೆಕ್ಕ ಬರಬಹುದೆಂದುಕೊಂಡಳು.

"ಹೈವೇದಾಗ ಘಂಟೂತ್ ಹತ್ರ ಪೆಟ್ರೋಲ್ ಪಂಪ್ ಐತಲ್ಲ, ಅಲ್ಲಿ ಒಂದು ಬೇವಿನ ಗಿಡ ಅದ. ಅಲ್ಲೆ ದಿನಾ ಗಾಡಿ ನಿಲ್ಲಸ್ತೀನಿ. ಬರೂ ಮುಂದ. ಇಪ್ಪತ್ತು ನಿಮಿಷ ಮಲ್ಕೊಂತೀನಿ."

"ದಿನಾ?"

"ಮೊದ್ಲ ವಾರಕ್ಕ ಒಮ್ಮೆ. ಈಗ ದಿನಾ. ಪಂಪಿನ ಹುಡುಗ ಗುರ್ತು ಹಿಡದಾನ, ಏಳದಿದ್ರ ಗಾಡಿ ಗಾಜಿಗೆ ಬಡೀತಾನ. ರಮಜಾನ್ ಮುಂಚೆ ಒಮ್ಮೆ ನಿಲ್ಲಸಿದ್ದಿಲ್ಲ. ಕಣ್ಣು ಬಿಟ್ಟಾಗ ಗಾಡಿ ಬಿಳೀ ಗೆರಿ ದಾಟಿ ಬಾಜೂಕ ಹೊಂಟಿತ್ತು. ಟ್ರಕ್ಕಿನವ ಹಾರ್ನ್ ಹೊಡದ."

"ನಂಗ ಹೇಳ್ಲಿಲ್ಲ."

"ಹೇಳಿ ಏನ್ ಮಾಡೂದು. ನೀ ನಿದ್ದಿಗೆಡ್ತಿ." ಅವನು ಗೋಡೆಯ ಮೇಲಿನ ಕೈ ತೊಳೆಯುವ ಚಿತ್ರವನ್ನು ನೋಡುತ್ತಿದ್ದ. "ಚುಚ್ಚಿದ್ಯಾ?"

"ಚುಚ್ಚಿ ಆತ್ರಿ. ಎರಡನೇ ಟ್ಯೂಬ್."

ಅವನು ತಿರುಗಿ ನೋಡಿ ಆಶ್ಚರ್ಯದಿಂದ ನಕ್ಕ. "ಗೊತ್ತ ಆಗ್ಲಿಲ್ಲಲ್ಲ," ಎಂದ. ಕಡುಗೆಂಪು ಟ್ಯೂಬಿನೊಳಗೆ ಸದ್ದಿಲ್ಲದೆ ಏರುತ್ತಿತ್ತು.  ಎರಡು ವರ್ಷ. ಅವನು ಬರುವುದು ತಡವಾದ ದಿನಗಳಲ್ಲಿ ಅವಳು ಪ್ಲೈವುಡ್ಡಿನ ಗುರುತುಳಿದ ಹಾಲಿನಲ್ಲಿ ಕೂತು, ಹಲೀಮಳ ವಾಯ್ಸ್ ಮೆಸೇಜುಗಳನ್ನು ಎರಡೆರಡು ಸಲ ಕೇಳುತ್ತ, ಈ ಮನೆಯಲ್ಲಿ ಎಷ್ಟು ಸುಖವಾಗಿದ್ದೆವು ಎಂದುಕೊಳ್ಳುತ್ತಿದ್ದ ಆ ಇಪ್ಪತ್ತು ನಿಮಿಷ ಅವನು ಒಂದು ಬೇವಿನ ಗಿಡದ ಕೆಳಗೆ ಬಾಯಿ ತೆರೆದು ಮಲಗಿರುತ್ತಿದ್ದ.

"ಸುಮಿತ್ ಮತ್ತ ಫೋನ್ ಮಾಡಿದ್ದ ಮುಂಜಾನೆ," ಎಂದ ಅವನು. "ಇವತ್ತು ನಾಕಕ್ಕ ಬ್ಯಾಂಕಿನವ್ರು ಫೈಲ್ ಬಂದ್ ಮಾಡ್ತಾರಂತ. ಮನಿಯವನೂ ಬ್ಯಾರೆ ಗಿರಾಕಿ ನೋಡ್ಯಾನ. ಅಣ್ಣ, ಅಕ್ಕಂದು ಸ್ಯಾಲರಿ ಏನಾದ್ರೂ ಚೇಂಜ್ ಉಂಟಾ, ಸ್ವಲ್ಪ ಇದ್ರೂ ಸಾಕಿತ್ತು ಅಂದ."

ಅವಳು ಪಟ್ಟಿ ಬಿಚ್ಚಿದಳು. ಸೂಜಿ ತೆಗೆದು ಹತ್ತಿ ಒತ್ತಿದಳು. "ನೀವೇನಂದ್ರಿ?"

"ಏನರ ಇದ್ರ ಆಕಿನ ಹೇಳ್ತಾಳಪಾ ಅಂದೆ."

ಹತ್ತಿಯ ಮೇಲೆ ಅವಳ ಹೆಬ್ಬೆರಳು ಇತ್ತು. ರೋಗಿಯೇ ಒತ್ತಿ ಹಿಡಿಯಬೇಕಾದ ಹತ್ತಿ ಅದು, ಎಲ್ಲರಿಗೂ ಹಾಗೇ ಹೇಳುತ್ತಾಳೆ. ಇವನಿಗೆ ಹೇಳುವುದು ಮರೆತಿತ್ತು.   ಅವನು ಬಲಗೈ ಎತ್ತಿ, ಅವಳ ಕೋಟಿನ ಮೇಲೆ ದಾರದ ಎಳೆ ಕಂಡವನ ಹಾಗೆ, "ಬಿಲ್ಲೆ ಉಲ್ಟಾ ಆಗೇತಿ ನೋಡು," ಎಂದು ಎರಡು ಬೆರಳಿನಿಂದ ಅದನ್ನು ತಿರುಗಿಸಿ ನೆಟ್ಟಗೆ ಮಾಡಿದ. ಓದಲಿಲ್ಲ. ಚಾಳೀಸು ಅವನ ಅಂಗಿ ಜೇಬಿನಲ್ಲೇ ಇತ್ತು, ಅದಿಲ್ಲದೆ ಅವನು ಓದಲಾರ. ಹಾಗಂತ ಅವಳು ಒಂದು ಕ್ಷಣ ನಂಬಿದಳು. ಅವನು ತೋಳು ಇಳಿಸಿಕೊಂಡು ಎದ್ದು, ನಾಷ್ಟಾ ಮಾಡಿ ಆಫೀಸಿಗೆ ಹೋಗ್ತೀನಿ, ಅರ್ಧ ದಿನ ರಜಾ ಹಾಕೀನಿ ಎಂದು ಹೇಳಿ ಹೊರಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ರಿಸೆಪ್ಶನ್ನಿನಿಂದ ಪ್ರಿಯನ್ನನ ದನಿ ಕೇಳಿಸಿತು: "ಸರ್, ಹಾಗಾದ್ರೆ ಸ್ವೀಟ್ ಗ್ಯಾರಂಟಿ ಅಲ್ವಾ? ಬರುವಾಗ ನೋಡುವಾ ಅಂದ್ರಿ, ಹೋಗುವಾಗ ಡೇಟ್ ಹೇಳ್ಬೇಕು."

"ಡೇಟು ನಿಮ್ಮ ಮ್ಯಾಡಮ್ ಹೇಳ್ತಾರ," ಎಂದ ಶಿವಪ್ರಸಾದ. "ಅವ್ರನ್ನ ಕೇಳ್ರಿ. ನನ್ನ ಕೈಯಾಗ ಏನೈತಿ."

ಲಿಫ್ಟಿನ ಸದ್ದು ಬಂತು. ಹೋಯಿತು.

ಟ್ಯೂಬುಗಳ ಮೇಲೆ ಹೆಸರು ಬರೆಯುವುದು ರೋಗಿ ಕುರ್ಚಿಯಲ್ಲಿರುವಾಗಲೇ ಆಗಬೇಕು, ಅದು ಅವಳೇ ಹೊಸ ಹುಡುಗಿಯರಿಗೆ ಕಲಿಸುವ ಮೊದಲ ನಿಯಮ. ಇಂದು ಮೂರೂ ಟ್ಯೂಬು ಹೆಸರಿಲ್ಲದೆ ಸ್ಟ್ಯಾಂಡಿನಲ್ಲಿ ನಿಂತಿದ್ದವು. ಅವಳು ಪೆನ್ನು ತೆಗೆದು ಬರೆದಳು. ಬರೆಯುತ್ತ, ಬಂದಾಗಲೇ ಅವನಿಗೆ ಗೊತ್ತಾಗಿತ್ತು ಎಂಬುದು ನಿಧಾನವಾಗಿ ಒಳಗೆ ಇಳಿಯಿತು. ಕುರ್ಚಿಯ ತುದಿಯಲ್ಲಿ ಕೂತಾಗ, ಬಿಟ್ಟಿ ಎಂದು ನಗಿಸಿದಾಗ, ಬೇವಿನ ಗಿಡದ ಮಾತು ಹೇಳುವಾಗ, ಆಗೆಲ್ಲ ಅವನಿಗೆ ಗೊತ್ತಿತ್ತು. ಕೇಳಲಿಲ್ಲ. ಯಾಕೆ ಮುಚ್ಚಿಟ್ಟೆ ಎಂದು ಕೂಗಾಡಿದ್ದರೆ ಅವಳಿಗೂ ಹೇಳಲು ಎಷ್ಟೋ ಇತ್ತು. ನನ್ನ ಕೆಲಸ ಅಂದರೆ ನಿಮಗೆ ಬರೀ ಚುಚ್ಚುವುದಾ, ಒಂದು ಸಲವಾದರೂ ನಿನಗೆ ಆ ಮನೆ ಬೇಕಾ ಎಂದು ಕೇಳಿದಿರಾ ಎಂದು ಅವಳು ಎರಡು ವಾರದಿಂದ ಬಸ್ಸಿನಲ್ಲಿ ಕೂತು ವಾಕ್ಯಗಳನ್ನು ಹೊಂದಿಸಿದ್ದಳು. ಅವು ಯಾವುವೂ ಈಗ ಕೆಲಸಕ್ಕೆ ಬರುತ್ತಿರಲಿಲ್ಲ. ಮೂರು ಸಲ ತಪ್ಪಿ ಚುಚ್ಚಿಸಿಕೊಂಡು ಕಬ್ಬಿಣ ತಾಗಿತು ಎಂದವನು ಅವನು. ಹೇಳದೆ ಇರುವುದರಲ್ಲಿ ಅವನನ್ನು ಮೀರಿಸಲಾಗುವುದಿಲ್ಲ ಎನಿಸಿ ಅವಳಿಗೆ ಸಿಟ್ಟೂ ಬಂತು, ಸಿಟ್ಟಿನ ನಡುವೆ ಸಣ್ಣಗೆ ನಗೂ ಬಂತು.

ಮೂರು ಗಂಟೆಗೆ ಅವಳು ಲಾಕರು ತೆಗೆದಳು. ಗ್ಲೌಸಿನ ಡಬ್ಬಗಳ ಕೆಳಗೆ ಪತ್ರ ತಣ್ಣಗಿತ್ತು, ಅಂಚು ಸುರುಳಿಯಾಗಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಹರವಿ ಫೋಟೋ ತೆಗೆದು ಸುಮಿತ್‌ಗೆ ಕಳಿಸಿದಳು. ಏನೂ ಬರೆಯಲಿಲ್ಲ. ಎರಡು ನಿಮಿಷಕ್ಕೆ ಫೋನೇ ಬಂತು.

"ಅಕ್ಕಾ, ಎಂತ ಅಕ್ಕ ನೀವು, ಇದನ್ನು ಇಷ್ಟು ದಿವಸ ಎಲ್ಲಿಟ್ಟಿದ್ರಿ? ನಾನು ಇಲ್ಲಿ ಬ್ಯಾಂಕಿನವರ ಕಾಲು ಹಿಡಿದು ಸಾಕಾಯ್ತು."

"ದೇವ್ರ ಮುಂದ ಇಟ್ಟಿದ್ದೆ," ಎಂದಳು ಅವಳು. ಈ ಸುಳ್ಳು ಸುಲಭವಾಗಿ ಬಂತು.

"ಹಾಗಾದ್ರೆ ದೇವರಿಗೆ ನನ್ನ ಲೆಕ್ಕದಲ್ಲಿ ಒಂದು ಕಾಯಿ ಒಡೀರಿ. ಆಯ್ತು ಅಕ್ಕ, ಇದ್ರಲ್ಲಿ ಲೋನ್ ಕೂತ್ಕೊಳ್ತದೆ. ಕಂಪನಿಯಿಂದ ಹೊಸ ಸರ್ಟಿಫಿಕೇಟ್ ಒಂದು ಈಗ್ಲೇ ಮೇಲ್ ಮಾಡಿಸಿ. ಮತ್ತೆ ಒಂದು ಮಾತು, ಸೈನ್ ಎಲ್ಲಾ ಆಗುವ ತನಕ ಕೆಲಸ ಬಿಡುದು, ಬದಲು ಮಾಡುದು ಅಂತ ಎಂತದ್ದೂ ಮಾಡ್ಬೇಡಿ, ಆಯ್ತಾ? ಅಣ್ಣ ಅವತ್ತು ಹೇಳ್ತಾ ಇದ್ರು, ನೀವು ಬಿಡ್ತೀರಿ ಅಂತ."

"ಹೂಂ," ಎಂದಳು. "ನೋಡೂಣು."

ಸಂಜೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಸುಮಿತ್ ಹೇಳಿದ್ದು ಸೈನ್ ಆಗುವ ತನಕ. ಆಮೇಲಿನ ತಿಂಗಳುಗಳ ಕಂತು ಎಲ್ಲಿಂದ ಹೋಗುತ್ತದೆ ಎಂದು ಅವನು ನೋಡಿರಲಿಲ್ಲ, ಅದು ಅವನ ಕೆಲಸವೂ ಅಲ್ಲ. ಶಿವಪ್ರಸಾದನಿಗೆ ಇನ್ನೂ ಹೊಳೆದಿರಲಿಕ್ಕಿಲ್ಲ. ಆ ಮನೆ ನಿಲ್ಲುವುದು ಖಾಲಿದಿಯಾದ ಈ ಕೆಲಸದ ಮೇಲೆ, ಈ ಬಿಲ್ಲೆಯ ಮೇಲೆ. ಅಲ್ಲಿ ಕೆರೆ ನೋಡುತ್ತ ಆರಾಮ ಇರುವವಳಿಗೆ ಬ್ಯಾಂಕು ಮನೆ ಕೊಡುವುದಿಲ್ಲ. ಆ ಮನೆಯ ಕಡೆಯಿಂದ ಮೆಟ್ರೋದಲ್ಲಿ ಇಬ್ನ್ ಬತ್ತೂತಾ ಸ್ಟೇಶನ್ನಿಗೆ ಬಂದರೆ ಅಲ್ಲಿಂದ ಅಬುಧಾಬಿಗೆ ಬಸ್ಸಿದೆ ಎಂದು ಕ್ಲಿನಿಕ್ಕಿನ ನರ್ಸುಗಳು ಮಾತಾಡುವುದು ಕೇಳಿದ್ದಳು, ಮುಂದಿನ ಸಾಲು ಹೆಂಗಸರಿಗೆ. ದಾರಿಯಲ್ಲಿ ಘಂಟೂತ್ ಬರುತ್ತದೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲವೇನೋ. ಹೊರಗೆ ಕಡಲದಂಡೆಯ ಕಾರ್ನಿಶ್ ಕಡೆಯ ಬೆಳಕು ಕರಗುತ್ತಿತ್ತು, ಬಕಾಲಾ ಅಂಗಡಿಗಳ ಮುಂದೆ ನೀರಿನ ಕ್ಯಾನು ಇಳಿಸುತ್ತಿದ್ದರು, ಎಲ್ಲ ಇದ್ದ ಹಾಗೇ ಇತ್ತು. ಅವಳು ಅದನ್ನೆಲ್ಲ ಬಿಟ್ಟುಹೋಗುವವಳ ಹಾಗೆ ನೋಡಲು ಹೊರಟು, ದಿನಾ ಇಲ್ಲಿಗೇ ಬರುತ್ತೇನಲ್ಲ ಎಂದು ನೆನಪಾಗಿ, ಸುಮ್ಮನೆ ನೋಡಿದಳು.

ಮನೆಯಲ್ಲಿ ಪತ್ರವನ್ನು ಫ್ರಿಜ್ಜಿನ ಮೇಲಿನ ಹಲಗೆಯಲ್ಲಿ ಬಸವಣ್ಣನ ಮುಂದಿಟ್ಟಳು. ಬೇಗ ಬಂದಿದ್ದ ಶಿವಪ್ರಸಾದ ಹಾಲಿನಲ್ಲಿ ಕೂತು ಮೊಣಕೈಯ ಪ್ಲಾಸ್ಟರ್ ಕೀಳುತ್ತಿದ್ದವನು ಅದನ್ನು ನೋಡಿದ.  ಎದ್ದು ಬಂದು, ವಿಭೂತಿಯ ಡಬ್ಬಿಯನ್ನು ಪತ್ರದ ಪಕ್ಕಕ್ಕೆ ಸರಿಸಿಟ್ಟು ಹೋದ. "ಸುಮಿತ್ ಫೋನ್ ಮಾಡಿದ್ದ," ಎಂದಷ್ಟೇ ಹೇಳಿದ, ಹೋಗಿ ಕೂತ ಮೇಲೆ. ಪ್ರತೀಕ್ಷಾ ತನ್ನ ಕೋಣೆಯಿಂದ, "ಸೋ ಆರ್ ವಿ ಮೂವಿಂಗ್ ಆರ್ ನಾಟ್?" ಎಂದು ಕೂಗಿದಳು.

ನೀಲಾ ಅಡುಗೆಮನೆಗೆ ಹೋಗಿ ಕಪಾಟಿನ ಬಾಗಿಲು ತೆರೆದಳು. ಎಣ್ಣೆಯ ಜಿಡ್ಡಿಗೆ ಹಾಳೆ ಹಳದಿಯಾಗಿ, ಹಲೀಮಳ ದುಂಡು ಅಕ್ಷರ ಅರ್ಧ ಮಾಸಿ, ಗೆರೆ ಮಾತ್ರ ಇನ್ನೂ ಇತ್ತು. ಐದರಿಂದ ಆರು. ಆ ಹೊತ್ತಿಗೆ ಏಳುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೊಸ ಮನೆಯ ಬೆಂಕಿಯಿಲ್ಲದ ಒಲೆಯ ಮೇಲೆ ಐದಕ್ಕೆ ಚಹಾ ಇಟ್ಟರೆ, ಯಾರನ್ನೂ ಎಬ್ಬಿಸದೆ ಬಾಗಿಲು ಎಳೆದುಕೊಂಡು ಹೊರಟರೆ, ಆರಕ್ಕೆ ಮೊದಲು ಬಸ್ಸು. ಆ ಹೊತ್ತಿಗೆ ಅವನು ಹಾಸಿಗೆಯಲ್ಲಿರುತ್ತಾನೆ, ಗಾಜು ಬಡಿಯುವವರು ಯಾರೂ ಇರುವುದಿಲ್ಲ. ಬೆಂಕಿಯಿಲ್ಲದಿದ್ದರೂ ಅಲ್ಲೂ ಬಸವಣ್ಣನ ಹಲಗೆಗೆ ಮೊಳೆ ಹೊಡೆಯಬಹುದು. ದಿನಾ ಬಸ್ಸಿನಲ್ಲಿ ಈ ಕೆಲಸಕ್ಕೇ ಬರುತ್ತೇನೆಂದು ಈಗ ಹೇಳಿದರೆ ಅವನು ಬೇಡ ಎನ್ನುತ್ತಾನೆ, ನಿನ್ನ ಕೆಲಸ ಬಿಡು ಎಂದವನು ಈಗ ಮನೆಯನ್ನೇ ಬಿಡು ಎನ್ನುತ್ತಾನೆ. ಮೊದಲು ಸೈನ್ ಆಗಲಿ. ಅವಳು ಉಗುರಿನಿಂದ ಹಾಳೆಯ ಒಂದು ಮೂಲೆಯನ್ನು ಎಬ್ಬಿಸಿದಳು. ಹರಿಯದೆ ಬಂತು.

"ಏನ್ ಹುಡಕಾಕತ್ತಿ?" ಎಂದು ಅವನು ಹಾಲಿನಿಂದ ಕೇಳಿದ.

"ಏನಿಲ್ರಿ," ಎಂದಳು ನೀಲಾ, ಹಾಳೆಯನ್ನು ಮಡಚಿ ಹೆಗಲಿನ ಚೀಲಕ್ಕೆ ಹಾಕಿಕೊಳ್ಳುತ್ತ. "ಜ್ವಾಳದ ಹಿಟ್ಟು ಎಷ್ಟೈತಿ ಅಂತ ನೋಡಾಕತ್ತಿದ್ದೆ."